ಎಳ್ಳಮಾಸಿ ಸೂಟಿ ಯಾರದೋ ಮರ್ಜಿ ಮ್ಯಾಲ ಯಾಕ ನಿಲ್ಲಬೇಕ್ರಿ?

ಸಂಪಾದಕರಿಗೆ ಶರಣು,

2025ರ ಡಿಸೆಂಬರ್ 19, ಶುಕ್ರವಾರ ನನ್ನ ಮಗಳಿಗಿ ಗಣಿತದ ಟೆಸ್ಟ್ ಇತ್ತು, ಅವತ್ತೇ ಎಳ್ಳಮಾಸಿ. ಹಿಂದಿನ ರಾತ್ರಿ ಊರಿಂದ ನಮ್ಮವ್ವ ಫೋನ್ ಮಾಡಿ, ಸಜ್ಜಿ ರೊಟ್ಟಿ ಬಡದಿಟ್ಟೀನಿ, ಭಜ್ಜಿಗಿ ಕಾಳು ಸುಲದಿಟ್ಟೀನಿ, ಎಷ್ಟೊತ್ತಿಗಿ ಬರ್ತೀರಿ ಅಂತ ಕೇಳಿದಳು. ನಾ ಏನ್ ಹೇಳ್ಲಿ? ಸಾಲಿಗಿ ಫೋನ್ ಹಚ್ಚಿದ್ರ, ಹಬ್ಬಕ್ಕ ಅಂದ್ರ ನಡಿಯಂಗಿಲ್ರಿ, ರಜಾ ಲಿಸ್ಟಿನ್ಯಾಗ ಇಲ್ಲ, ಆರಾಮಿಲ್ಲಂತ ಲೀವ್ ಲೆಟರ್ ಬರ್ಕೊಡ್ರಿ ಅಂದ್ರು. ಬರ್ಕೊಟ್ಟೆ, ಜ್ವರ ಅಂತ. ನಮ್ಮ ಹೊಲಕ್ಕ ನಾವು ಹೋಗಿ ಉಣ್ಣಾಕ ಸುಳ್ಳ ಜ್ವರ ಬರಿಸ್ಕೋಬೇಕಾತು. ಸೋಮವಾರ ಟೀಚರ್ ಜ್ವರ ಹೋತೇನ್ ಅಂತ ಕೇಳಿದ್ರಂತ, ಇಕಿ ಹೊಲದಾಗೇ ಹೋತ್ರಿ ಟೀಚರ್ ಅಂದಾಳ.

ನಗ್ತೀವಿ ಖರೆ, ಆದ್ರ ಈ ಪತ್ರ ಬರ್ಯಾಕ ಅದೇ ಕಾರಣ.

ನಮ್ಮ ಕಡಿ ಅಲ್ಲದ ಓದುಗರಿಗಿ ಒಂದೀಟು ಹೇಳ್ಬೇಕು, ಯಾಕಂದ್ರ ಬೆಂಗಳೂರಾಗ ನನ್ನ ದೋಸ್ತ ಒಬ್ಬಂವ ಎಳ್ಳಮಾಸಿ ಅಂದ್ರ ಎಳ್ಳು ಬೆಲ್ಲ ಹಂಚೋ ಸಂಕ್ರಾಂತಿನೇ ಅಂತ ತಿಳ್ಕೊಂಡಿದ್ದ. ಅಲ್ಲ. ಇದು ಮಾರ್ಗಶಿರ ಮಾಸದ ಕಡೀ ಅಮಾಸಿ. ಹಿಂಗಾರಿ ಜ್ವಾಳ ಸೆಪ್ಟೆಂಬರ್ ಅಕ್ಟೋಬರ್‌ದಾಗ ಬಿತ್ತಿದ್ದು ಈಗ ಎದಿ ಮಟ ಬೆಳದು ಹೊಟ್ಟೆಲಿದ್ದಿರ್ತದ, ಅಂದ್ರ ತೆನಿ ಇನ್ನ ಗರಿ ಒಳಗೇ ಇರ್ತದ, ಹೊರಗ ಬಂದಿರಂಗಿಲ್ಲ. ಕಡ್ಲಿ ಹೂವಾಡಿ ಕಾಯಿ ಹಿಡಿಲಿಕ್ಕತ್ತಿರ್ತದ. ಭೂಮಿ ಬಸಿರ ಹೆಂಗಸಿದ್ದಂಗ, ಬಯಕಿ ಊಟ ಹಾಕಿ ಉಡಿ ತುಂಬಬೇಕು ಅಂತ ಹಿರ್‍ಯಾರು ಅಂತಾರ. ಗುಡ್ಯಾಗ ಮಾಡೋ ಹಬ್ಬಲ್ಲ ಇದು, ಮನ್ಯಾಗ ಮಾಡೋದೂ ಅಲ್ಲ, ಹೊಲಕ್ಕೇ ಹೋಗಬೇಕು.

ನಾವು ಸಣ್ಣವರಿದ್ದಾಗ ಆಳಂದ ಕಡಿ ಊರೊಳಗ ಅವತ್ತು ನಾಯಿ ಸುದ್ದ ಇರ್ತಿರ್ಲಿಲ್ಲ. ನಸುಕಿನ್ಯಾಗೆದ್ದು ಎತ್ತಿನ ಮೈ ತೊಳದು, ಚಕ್ಕಡಿ ಹೂಡಿ, ಬುತ್ತಿ ಬುಟ್ಟಿ ಮ್ಯಾಲ ಬಿಳಿ ಅರಿವಿ ಮುಚ್ಚಿ, ಅಂಬಲಿ ಗಡಿಗಿ ತುಳುಕಬಾರದಂತ ಅವ್ವ ಮಡಿಲಾಗೇ ಹಿಡ್ಕೊಂಡು ಕುಂದರ್ತಿದ್ಲು, ನಾವು ಹುಡುಗ್ರು ಹಿಂದ ಕಾಲು ಇಳಿಬಿಟ್ಕೊಂಡು ಕೂತು ಮುಂದಿನ ಗಾಡಿಯವ್ರಿಗಿ ಕೂಗೋದು. ಹೊಲದಾಗ ಐದು ಕಲ್ಲಿಗಿ ಸುಣ್ಣ ಹಚ್ಚಿ ಪಾಂಡವರಂತ ಇಡೋದು, ಮ್ಯಾಲ ಜ್ವಾಳದ ದಂಟು ಕೂಡಿಸಿ ಸಣ್ಣ ಕೊಂಪಿ, ಪೂಜಿ, ಎಡಿ. ಆಮ್ಯಾಲ ಚರಗ. ಮಾಡಿದ್ದ ಎಲ್ಲಾ ಅಡಗಿ ಒಂದೀಟೀಟು ಕಲಸಿ ಒಬ್ರು ಹೊಲದ ಸುತ್ತ ಚೆಲ್ಕೋತ ಮುಂದ ಹೋಗ್ತಾರ, ಹಿಂದ ಒಬ್ರು ನೀರು ಹೊಡಿತಾರ. ನಮ್ಮ ಕಡಿ "ಓಲಗ್ಯಾ ಓಲಗ್ಯಾ, ಸಾಲಂ ಪಲಗ್ಯಾ" ಅಂತ ಕೂಗ್ತಾರ, ಇನ್ನೊಂದಿಷ್ಟು ಕಡಿ "ಹುಲ್ಲುಲ್ಲಿಗೋ" ಅಂತಾರ, ಊರಿಗೊಂದು ಥರ. ಅರ್ಥ ಏನಂತ ಅಪ್ಪಗ ಕೇಳಿದ್ರ, ಅರ್ಥ ಭೂತಾಯಿಗಿ ತಿಳಿತದ, ನೀ ಜೋರಾಗಿ ಕೂಗು ಅಂತಿದ್ದ. ಚೆಲ್ಲಿದ್ದ ಚರಗ ಇರಿವಿ, ಗುಬ್ಬಿ, ಇಲಿ ಎಲ್ಲಾವಕ್ಕೂ ಪಾಲು.

ಇನ್ನ ಊಟ. ಸಜ್ಜಿ ರೊಟ್ಟಿ ಎಳ್ಳು ಹಚ್ಚಿದ್ದು, ಸಜ್ಜಿ ಕಡಬು, ಶೇಂಗಾ ಹೋಳಿಗಿ, ಎಣಗಾಯಿ, ಅಗಸಿ ಹಿಂಡಿ, ಮೊಸರನ್ನ, ಬಳ್ಳೊಳ್ಳಿ ಹಾಕಿದ ಮಜ್ಜಿಗಿ ಅಂಬಲಿ, ಎಲ್ಲಾ ಬರೋಬ್ಬರಿ, ಆದ್ರ ಅವತ್ತಿನ ರಾಜಾ ಅಂದ್ರ ಭಜ್ಜಿ. ಮಿರ್ಚಿ ಭಜಿ ಅಲ್ಲ್ರಿ, ಹೋಟೆಲ್‌ದಾಗ ಕರದು ಕೊಡೋದಲ್ಲ. ಹಸಿ ತೊಗರಿಕಾಳು, ಅವರಿಕಾಳು, ಹಸಿ ಕಡ್ಲಿ, ವಟಾಣಿ, ಮೆಂತಿ ಪಲ್ಲೆ, ಗಜ್ಜರಿ, ಬದನಿಕಾಯಿ, ಕೈಗಿ ಸಿಕ್ಕ ಎಲ್ಲಾ ತಪ್ಪಲಾ ಕೂಡಿಸಿ ಹುಣಸಿ ಹುಳಿ ಬಿಟ್ಟು ಕಡ್ಲಿ ಹಿಟ್ಟು ಹಚ್ಚಿ ಕುದಿಸೋದು. ಭಜ್ಜಿ ರುಚಿ ಅಡಗಿ ಮಾಡೋರ ಕೈಯಾಗ ಅರ್ಧ ಅಷ್ಟೇ, ಉಳಿದರ್ಧ ಹೊಲದಾಗ ಏನೇನ್ ಬೆಳದದ ಅನ್ನೋದ್ರ ಮ್ಯಾಲ. ಮೊದ್ಲು ಒಂದೇ ಹೊಲದಾಗ ಜ್ವಾಳದ ನಡುವ ಕಡ್ಲಿ, ಅಂಚಿಗಿ ಕುಸಬಿ, ಒಂದೆರಡು ಸಾಲು ಅಗಸಿ ಹಾಕ್ತಿದ್ರು, ಭಜ್ಜಿ ಪೂರಾ ಅಲ್ಲೇ ಹುಟ್ತಿತ್ತು. ಈಗ ನಮ್ಮ ಜಿಲ್ಲಾದಾಗ ಎಲ್ಲಿ ನೋಡಿದ್ರೂ ತೊಗರಿ, ನೀರಿದ್ದಲ್ಲಿ ಕಬ್ಬು. ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದೇ ಬೆಳಿ ಅನ್ನೋ ಸರ್ಕಾರಿ ಗುರುತು, ಸಿಕ್ತು, ಛಲೋ ಆತು, ನಾನೂ ತೊಗರಿ ಬೆಳ್ಯೋರ ಮನಿಯಂವನೇ. ಆದ್ರ ಈ ಸಲ ನಮ್ಮವ್ವ ಭಜ್ಜಿ ಸಾಮಾನು ಅರ್ಧಕ್ಕರ್ಧ ಸಂತ್ಯಾಗ ಕೊಂಡು ತಂದಾಳ, ಹಸಿ ಕಡ್ಲಿ ಸುದ್ದ. ಹೊಲದ ಬಯಕಿ ಊಟಕ್ಕ ಸಂತಿ ಸಾಮಾನು. ಇದು ಬ್ಯಾರೆ ವಿಷಯ, ಇನ್ನೊಂದು ಪತ್ರನೇ ಬೇಕಾಗ್ತದ, ಬಿಡ್ರಿ.

ಸೂಟಿ ವಿಷಯಕ್ಕ ಬರ್ತೀನಿ. ರಾಜ್ಯದ ಸಾರ್ವತ್ರಿಕ ರಜಾ ಪಟ್ಟಿ ತೆಗದು ನೋಡ್ರಿ, ಮಹಾಲಯ ಅಮಾವಾಸ್ಯೆ ಅದ, ಎಳ್ಳ ಅಮಾವಾಸ್ಯೆ ಇಲ್ಲ. ಅದೇ ಆದೇಶದಾಗ ಕಡೀಗಿ ಕೊಡಗು ಜಿಲ್ಲಾಕ್ಕಷ್ಟೇ ಸ್ಥಳೀಯ ರಜೆ ಅಂತ ಬರದಿರ್ತಾರ, ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮೂರಕ್ಕೂ. ಹೊಟ್ಟೆಕಿಚ್ಚಲ್ಲ ಇದು, ಅವರಿಗಿ ಕೊಟ್ಟಿದ್ದು ಬರೋಬ್ಬರಿ ಅದ. ಹುತ್ತರಿ ಅಂದ್ರ ಭತ್ತದ ಕದಿರು ಮನಿಗಿ ತರೋ ಹಬ್ಬ, ಗದ್ದಿಗಿ ಹೋಗದೆ ಅದನ್ನ ಮಾಡಾಕ ಬರಂಗಿಲ್ಲ. ನಮ್ದೂ ಹಂಗೇ ಅಲ್ಲೇನ್ರಿ? ಭತ್ತದ ಹಬ್ಬಕ್ಕ ಒಂದು ಜಿಲ್ಲಾಕ್ಕ ಸೂಟಿ ಕೊಡಾಕ ಬರ್ತದಂದ್ರ ಜ್ವಾಳದ ಹಬ್ಬಕ್ಕ ಬೀದರ, ಕಲಬುರಗಿ, ಯಾದಗಿರಿ, ವಿಜಯಪುರಕ್ಕ ಯಾಕ ಬರಬಾರದು?

ದೂರ ಬ್ಯಾಡ, ಗಡಿ ದಾಟಿ ಲಾತೂರಿಗಿ ಹೋಗ್ರಿ. ಅಲ್ಲಿ ಮರಾಠಿ ಮಂದಿ ಇದೇ ಹಬ್ಬಕ್ಕ ವೇಳಾ ಅಮಾವಾಸ್ಯಾ ಅಂತಾರ, ಹಳ್ಳಿ ಬಾಯಾಗ ಯೆಳವಸ್. ನಮ್ಮ ಎಳ್ಳಮಾಸಿ ಶಬ್ದನೇ ಅದು, ಅಲ್ಲಿಯವ್ರೇ ಕನ್ನಡದಿಂದ ಬಂದದ್ದಂತ ಒಪ್ತಾರ, ಚರಗ ಚೆಲ್ಲುವಾಗ ಕೂಗೋದೂ ನಮ್ಮದೇ ಓಲಗ್ಯಾ. ಅಲ್ಲಿ ಜಿಲ್ಲಾಧಿಕಾರಿ ಅವತ್ತಿಗಿ ಸ್ಥಳೀಯ ಸೂಟಿ ಘೋಷಣಾ ಮಾಡ್ತಾರ, ಲಾತೂರ ಪ್ಯಾಟಿ ಪೂರಾ ಖಾಲಿ ಖಾಲಿ, ಸಿಟ್ಯಾಗ ಹೊಲ ಇಲ್ಲದವ್ರು ದೋಸ್ತರ ಹೊಲಕ್ಕ ಹೋಗ್ತಾರ. ಹಂಗ ನೋಡಿದ್ರ ಆ ಕಡಿಯವ್ರು ಬ್ಯಾರೆಯವ್ರೇನಲ್ಲ, 1956ರ ತನಕ ನಾವೂ ಅವ್ರೂ ಒಂದೇ ಹೈದ್ರಾಬಾದ್ ರಾಜ್ಯದಾಗಿದ್ದೆವು, ಉದಗೀರ, ನಿಲಂಗಾ, ಅಹ್ಮದಪುರ ಆಗ ಬೀದರ ಜಿಲ್ಲಾದ ತಾಲೂಕುಗಳೇ. ಗೆರಿ ಎಳದು ತಾಲೂಕು ಹಂಚಿದ್ರು, ಹಬ್ಬ ಎರಡೂ ಕಡಿ ಉಳೀತು. ಹೆಸರು ಕೊಟ್ಟ ಭಾಷಿಯವ್ರಿಗಿ ಆರ್ಡರ್ ಇಲ್ಲ, ಹೆಸರು ತಗೊಂಡವ್ರಿಗಿ ಅದ!

ಕೆಲವು ಸಾಲಿಯವ್ರು ನಮ್ಮಲ್ಲೂ ತಾವೇ ಸೂಟಿ ಕೊಡ್ತಾರ, ಇಲ್ಲಂತಿಲ್ಲ. ಕೆಲವು ಆಫೀಸಿನ್ಯಾಗ ಸಾಹೇಬ್ರು ನಮ್ಮ ಕಡಿಯವ್ರಾಗಿದ್ರ ಮಧ್ಯಾಹ್ನಕ್ಕ ಹೋಗ್ರಿ ಅಂತಾರ. ಬ್ಯಾರೆ ಕಡಿಯಿಂದ ಬಂದವ್ರಾಗಿದ್ರ ಏನ್ ಹಬ್ಬರೀ ಇದು ಅಂತ ಕೇಳ್ತಾರ. ನಾ ಹೇಳೋದು ಇಷ್ಟೇ, ಸಾಹೇಬ್ರು ಯಾವ ಊರವ್ರು ಅನ್ನೋದ್ರ ಮ್ಯಾಲ ಸೂಟಿ ನಿಲ್ಲಬಾರದು, ಲಿಸ್ಟಿನ್ಯಾಗ ಬರಬೇಕು.

ನಮ್ಮ ಮನ್ಯಾಗೇ ಒಬ್ಬರು, ಸೂಟಿ ಜಾಸ್ತಿ ಆಗ್ಯಾವ ಮತ್ಯಾಕ ಇನ್ನೊಂದು ಅಂತಾರ. ಮಾತು ಖರೆ. ಹಂಗಿದ್ರ ಒಂದು ಸೂಟಿ ಕಡಿಮಿ ಮಾಡಿ ಇದನ್ನ ಹಾಕ್ರಿ, ಇಲ್ಲಾ ಒಂದು ಶನಿವಾರ ಪೂರಾ ದಿನ ಸಾಲಿ ನಡಸ್ರಿ, ಯಾರ ತಕರಾರೂ ಇರಂಗಿಲ್ಲ. ಇನ್ನೊಂದು ಮಾತು ಅಂತಾರ, ರೈತಗ ಸೂಟಿ ಯಾಕ ಬೇಕು, ಅಂವ ದಿನಾ ಹೊಲದಾಗೇ ಇರ್ತಾನ ಅಂತ. ಅದೇ ನೋಡ್ರಿ, ಸೂಟಿ ಬೇಕಾಗಿದ್ದು ಹೊಲದಾಗ ಇದ್ದವಂಗಲ್ಲ. ಹೊಲ ಬಿಟ್ಟು ಬಂದು ಸಿಟ್ಯಾಗ ಕುಂತ ನನ್ನಂಥವ್ರಿಗಿ, ನನ್ನ ಮಗಳಿಗಿ. ಇಕಿಗಿ ಸಜ್ಜಿ ಯಾವ್ದು ಜ್ವಾಳ ಯಾವ್ದು ಅಂತ ಗುರ್ತು ಹತ್ತಿದ್ದೇ ಈ ಸಲ, ಎಂಟು ವರ್ಷ ಆದಮ್ಯಾಲ. ಹೊಲ ಇಲ್ಲದವ್ರ ಗತಿ ಏನಂದ್ರ, ಎಳ್ಳಮಾಸಿಗಿ ಹೊಲ ಇಲ್ಲದವ್ರನ್ನ ಕರೀದೆ ಉಂಡ್ರ ನಮ್ಮ ಹಿರ್‍ಯಾರಿಗಿ ಸೇರ್ತಿರ್ಲಿಲ್ಲ. ನಮ್ಮ ಹೊಲದಾಗ ಈ ಸಲ ಮೂವತ್ತು ಮಂದಿ ಆಗಿದ್ರು, ಅದ್ರಾಗ ಪಾಲಿಗಿ ಮಾಡೋರ ಮನಿಯವ್ರು, ಅಪ್ಪನ ಹಳೇ ದೋಸ್ತ ದರ್ಜಿ ಕಾಕಾ ಮತ್ತ ಅವ್ರ ಮೊಮ್ಮಕ್ಕಳು. ಕಾಕಾ ಪ್ರತಿ ವರ್ಷ ಸಿರಖುರ್ಮಾ ತರೋದು ರಂಜಾನಿಗಿ, ಎಳ್ಳಮಾಸಿಗಿ ಬರೀ ಹಸಿವು ತರ್ತೀನಿ ಅಂತಾರ.

ಒಂದು ತಾಂತ್ರಿಕ ಮಾತು, ಲಿಸ್ಟ್ ಮಾಡೋ ಅಧಿಕಾರಿಗಳಿಗಿ. ಈ ಅಮಾಸಿ ಡಿಸೆಂಬರ್ ನಡುವಿಂದ ಜನವರಿ ನಡುವಿನ ತನಕ ಓಡಾಡ್ತದ. 2023ರಾಗ ಎಳ್ಳಮಾಸಿ ಬರ್ಲೇ ಇಲ್ಲ, 2024ರಾಗ ಎರಡು ಸಲ ಬಂತು, ಜನವರಿ 11ಕ್ಕ ಒಮ್ಮಿ, ಡಿಸೆಂಬರ್ 30ಕ್ಕ ಒಮ್ಮಿ. 2026ರಾಗ ಅಧಿಕ ಮಾಸ ಬಂದದ್ದಕ್ಕ ಮತ್ತ ಇಲ್ಲ, ಮುಂದಿಂದು 2027ರ ಜನವರಿ ಮೊದಲ ವಾರ. ಅಂದ್ರ ಸರ್ಕಾರಕ್ಕ ಅಲ್ಲಿ ತನಕ ಟೈಮ್ ಅದ, 2026ರ ಖಾತಿಗಿ ಒಂದು ಸೂಟಿನೂ ಬೀಳಂಗಿಲ್ಲ, ಇದಕ್ಕಿಂತ ಅಗ್ಗದ ಬೇಡಿಕಿ ಯಾರರೆ ಇಟ್ಟಾರೇನು? 2019ರಾಗ ಹೈದ್ರಾಬಾದ್ ಕರ್ನಾಟಕ ಅನ್ನೋದನ್ನ ಕಲ್ಯಾಣ ಕರ್ನಾಟಕ ಅಂತ ಮಾಡಿದ್ರು, ಅದರ ಜೋಡಿ ಇದೊಂದು ಸಾಲು ಆದೇಶದಾಗ ಸೇರಿಸಿದ್ರ ಖರ್ಚಿಲ್ಲ.

ಕಡೀಗಿ ತಮ್ಮ ಪೇಪರಿಗೂ ಒಂದು ಮಾತು, ಸಿಟ್ಟು ಮಾಡ್ಕೋಬ್ಯಾಡ್ರಿ. ದಸರಾಕ್ಕ ದೀಪಾವಳಿಗಿ ಬಣ್ಣದ ಪುರವಣಿ ಮಾಡ್ತೀರಿ, ಎಳ್ಳಮಾಸಿಗಿ ಮರುದಿನ ಜಿಲ್ಲಾ ಪುಟದಾಗ ಶಾಸಕರು ಹೊಲದಾಗ ಊಟ ಮಾಡೋ ಫೋಟೋ ಒಂದು. ಬುತ್ತಿ ಕಟ್ಟಿದ ಹೆಣ್ಮಕ್ಕಳು ಆ ಫೋಟೋದಾಗ ಅರ್ಧ ಕತ್ತರಿಸಿರ್ತಾರ, ಕೈ ಅಷ್ಟೇ ಕಾಣ್ತದ, ರೊಟ್ಟಿ ನೀಡೋ ಕೈ. ಮುಂದಿನ ಸಲ ಒಬ್ಬ ವರದಿಗಾರರನ್ನ ಹಿಂದಿನ ರಾತ್ರಿನೇ ನಮ್ಮಂಥ ಮನಿಗಿ ಕಳಸ್ರಿ, ಅಡಗಿ ನಡ್ಯೋದು ಆಗ, ಎರಡು ಗಂಟಿ ರಾತ್ರಿಗಿ ಒಲಿ ಮುಂದ.

ನಮ್ಮವ್ವ ಭಜ್ಜಿ ಮಾಡೋದನ್ನ ಬರ್ಕೊಳ್ಳಾಕ ಆಗಂಗಿಲ್ಲ ಅಂತಾಳ, ನೋಡೇ ಕಲೀಬೇಕಂತ.

ಇಂತಿ,
ಆಳಂದ ತಾಲೂಕಿನ ಒಬ್ಬ ಓದುಗ, ಸದ್ಯ ಕಲಬುರಗಿ