475 ವರ್ಷ ಅಂದ್ರೆ ಇನ್ನೂ ಟೈಮಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ಭೂಕಂಪದ ಬಗ್ಗೆ '475 ವರ್ಷಕ್ಕೊಮ್ಮೆ ಬರೋ ಕಂಪನ' ಅಂತ ಓದಿದ ತಕ್ಷಣ ಜನ ಇನ್ನೂ ಟೈಮಿದೆ ಬಿಡಿ ಅನ್ಕೋತಾರೆ, ಆದ್ರೆ ಅದರರ್ಥ ಆ ಜಾಗದಲ್ಲಿ 50 ವರ್ಷದೊಳಗೆ ಅಷ್ಟು ಅಥವಾ ಅದಕ್ಕಿಂತ ಜೋರಾಗಿ ನೆಲ ಅಲುಗೋ ಸಾಧ್ಯತೆ ನೂರಕ್ಕೆ ಹತ್ತು ಅಂತ, ಅದು ನಾಳೇನೇ ಆದ್ರೂ ಆಗಬಹುದು. ಸುತ್ತಲಿನ ಫಾಲ್ಟ್‌ಗಳು (ಭೂಮಿಯೊಳಗೆ ಬಂಡೆ ಜಾರೋ ಬಿರುಕುಗಳು) ಎಷ್ಟು ದೂರ, ಎಷ್ಟು ದೊಡ್ಡ ಕಂಪನ ಎಷ್ಟು ಸಲ ಕೊಡಬಹುದು ಅನ್ನೋದೆಲ್ಲ ಈ ಲೆಕ್ಕಕ್ಕೆ ಸೇರುತ್ತೆ, ಮಣ್ಣನ್ನಂತೂ ಬಿಡೋ ಹಾಗೇ ಇಲ್ಲ. 1985ರಲ್ಲಿ ಭೂಕಂಪದ ಕೇಂದ್ರ 300 ಕಿ.ಮೀ.ಗಿಂತ ದೂರ ಇದ್ರೂ ಮೆಕ್ಸಿಕೋ ಸಿಟೀಲಿ ಹಳೇ ಸರೋವರದ ಮೆತ್ತನೆ ಮಣ್ಣಿನ ಮೇಲಿದ್ದ ನೂರಾರು ಕಟ್ಟಡಗಳು ಕುಸಿದವು, ಗಟ್ಟಿ ನೆಲದ ಕಡೆ ಹಾನಿ ತುಂಬಾ ಕಮ್ಮಿ. ಆಸ್ಪತ್ರೆ, ಸ್ಕೂಲು ಕಟ್ಟೋ ಮುಂಚೆ ಯಾವ ಪ್ರದೇಶಕ್ಕೆ ಎಷ್ಟು ಭೂಕಂಪದ ಅಪಾಯ ಅಂತ ತೋರಿಸೋ ಝೋನ್ ಮ್ಯಾಪ್ ಮಾತ್ರ ನೋಡಿ ಸಹಿ ಹಾಕಬೇಡಿ, ದಯವಿಟ್ಟು ಆ ಸೈಟಿನದ್ದೇ ಲೆಕ್ಕ ಮಾಡಿಸಿ.

- ಒಬ್ಬ ಓದುಗ