‘ಕಾಂಡಕೋಶ’ ಬೇಡ, ‘ಆಕರಕೋಶ’ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತಮ್ಮ ಪತ್ರಿಕೆಯ ಆರೋಗ್ಯ ಪುಟದ ಲೇಖನವೊಂದರಲ್ಲಿ, ತನ್ನಂಥ ಕೋಶವನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶಕ್ಕೆ ಇರುವ ‘ಸ್ಟೆಮ್ ಸೆಲ್’ ಎಂಬ ಒಂದೇ ಪದಕ್ಕೆ ತಲೆಬರಹದಲ್ಲಿ ‘ಕಾಂಡಕೋಶ’, ಒಳಗೆ ‘ಮೂಲಕೋಶ’, ಚಿತ್ರದ ಅಡಿಬರಹದಲ್ಲಿ ‘ಆಕರಕೋಶ’ ಎಂದು ಮೂರು ರೂಪಗಳು ಬಳಕೆಯಾಗಿದ್ದವು. ಮೂವತ್ತು ವರ್ಷ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ನನಗೆ ಇದು ಗೊಂದಲ ತರಲಿಲ್ಲ. ಆದರೆ ಅದೇ ಲೇಖನವನ್ನು ಓದಿದ ನೆರೆಮನೆಯವರು ಇವು ಮೂರು ಬಗೆಯ ಕೋಶಗಳೆಂದೇ ತಿಳಿದು, ಮೂರರಲ್ಲಿ ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದರು.

ಇವುಗಳಲ್ಲಿ ‘ಕಾಂಡಕೋಶ’ವನ್ನು ಪೂರ್ತಿಯಾಗಿ ಕೈಬಿಡಬೇಕೆಂಬುದು ನನ್ನ ಕೋರಿಕೆ. ಬೇರು, ಕಾಂಡ, ಎಲೆ ಎಂದು ಚಿತ್ರ ಬರೆದು ಕಲಿತ ಮಗುವಿಗೆ ಕಾಂಡವೆಂದರೆ ಗಿಡದ್ದೇ. ‘ಇದು ಗಿಡದಿಂದ ತೆಗೆದ ಕೋಶವೇ ಸರ್?’ ಎಂದು ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು, ಮತ್ತು ಅದರಲ್ಲಿ ತಪ್ಪು ಕೇಳಿದವರದಲ್ಲ, ಪದದ್ದು. ಗಿಡಗಳಲ್ಲೂ ಇಂಥ ಕೋಶಗಳು ಉಂಟು. ಆದರೆ ಅವುಗಳ ಮುಖ್ಯ ನೆಲೆ ಚಿಗುರಿನ ಮತ್ತು ಬೇರಿನ ತುದಿಯಲ್ಲಿರುವ ವರ್ಧನ ಅಂಗಾಂಶ.

ಪದದ ಹುಟ್ಟನ್ನು ನೋಡಿದರೆ ದೋಷ ಇನ್ನಷ್ಟು ಸ್ಪಷ್ಟವಾಗುತ್ತದೆ. ಜರ್ಮನಿಯ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ 1868ರಲ್ಲಿ ‘ಶ್ಟಾಮ್‌ತ್ಸೆಲ್ಲೆ’ ಎಂಬ ಪದವನ್ನು ಬಳಸಿದಾಗ, ಬಹುಕೋಶ ಜೀವಿಗಳಿಗೆಲ್ಲ ಪೂರ್ವಜನಾದ ಏಕಕೋಶ ಜೀವಿ ಅವರ ಮನಸ್ಸಿನಲ್ಲಿತ್ತು. ಜರ್ಮನ್ ಭಾಷೆಯ ‘ಶ್ಟಾಮ್’ಗೆ ಮರದ ಬೊಡ್ಡೆ ಎಂಬ ಅರ್ಥವೂ ಇದೆ, ವಂಶ ಎಂಬ ಅರ್ಥವೂ ಇದೆ, ನಮ್ಮ ‘ವಂಶವೃಕ್ಷ’ದಂಥದ್ದೇ ಒಂದು ಪದ ಆ ಭಾಷೆಯಲ್ಲಿ ಅದರಿಂದ ಆಗಿದೆ. ಇಂಗ್ಲಿಷಿಗೆ ‘ಸ್ಟೆಮ್’ ಆಗಿ ಬಂದಾಗಲೂ ವಂಶದ ಆ ಅರ್ಥ ಉಳಿಯಿತು. ಕನ್ನಡದ ಕಾಂಡಕ್ಕೆ ಗಿಡದ ಭಾಗ, ರಾಮಾಯಣದ ಭಾಗ, ಹತ್ಯಾಕಾಂಡದಲ್ಲಿರುವಂತೆ ಘೋರ ಘಟನೆ ಎಂಬ ಅರ್ಥಗಳಿವೆಯೇ ಹೊರತು ವಂಶದ ಅರ್ಥವಿಲ್ಲ. ಹೀಗೆ ನಾವು ಪದದ ಸಿಪ್ಪೆಯನ್ನು ಮಾತ್ರ ತಂದುಕೊಂಡು ತಿರುಳನ್ನು ಅಲ್ಲಿಯೇ ಬಿಟ್ಟುಬಂದೆವು.

ಆ ತಿರುಳನ್ನು ನಾನು ತರಗತಿಯಲ್ಲಿ ಮೊಸರಿನ ಮೂಲಕ ವಿವರಿಸುತ್ತಿದ್ದೆ. ಅಮ್ಮ ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಹೆಪ್ಪಿಗೆಂದು ಎತ್ತಿಟ್ಟು, ಉಳಿದದ್ದನ್ನು ಕಡೆದು ಮಜ್ಜಿಗೆ, ಬೆಣ್ಣೆ, ತುಪ್ಪ ಮಾಡುತ್ತಾರೆ. ಹೆಪ್ಪು ಇರುವವರೆಗೆ ಮನೆಯಲ್ಲಿ ಮೊಸರು ತೀರುವುದಿಲ್ಲ. ಈ ಕೋಶವೂ ಒಂದು ಕಡೆ ತನ್ನಂಥದ್ದೇ ಕೋಶವನ್ನು ಉಳಿಸಿಕೊಳ್ಳುತ್ತದೆ, ಇನ್ನೊಂದು ಕಡೆ ಬೇರೆ ಕೆಲಸದ ಕೋಶಗಳನ್ನು ಹುಟ್ಟಿಸುತ್ತದೆ. ನಮ್ಮ ಮೂಳೆಯ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ತಯಾರಾಗುವುದೂ, ಒಂದೊಂದು ಕಣ ಸುಮಾರು 120 ದಿನ ಬಾಳಿ ಅಳಿದರೂ ರಕ್ತ ಬರಿದಾಗದಿರುವುದೂ ಇದರಿಂದಲೇ. ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿ, ಅವುಗಳ ಗುಲ್ಮದ (ಹೊಟ್ಟೆಯೊಳಗಿನ ಒಂದು ಅಂಗ, ಸ್ಪ್ಲೀನ್) ಮೇಲೆ ಎದ್ದ ಪುಟ್ಟ ಗಂಟುಗಳನ್ನು ಎಣಿಸಿ ಇಂಥ ಕೋಶಗಳ ಇರವನ್ನು ತೋರಿಸಿಕೊಟ್ಟರು. ತುಪ್ಪವನ್ನು ಮತ್ತೆ ಮೊಸರಾಗಿಸಲು ಬರುವುದಿಲ್ಲವೆಂದೇ ಬಹುಕಾಲ ನಂಬಿದ್ದ ವಿಜ್ಞಾನಕ್ಕೆ, 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ನಾಲ್ಕು ವಂಶವಾಹಿಗಳ (ಜೀನ್) ನೆರವಿನಿಂದ ಇಲಿಯ ಚರ್ಮದ ಕೋಶವನ್ನು ಇಂಥ ಕೋಶದ ಸ್ಥಿತಿಗೆ ಹಿಂದಿರುಗಿಸಿ ತೋರಿಸಿದ್ದು ದೊಡ್ಡ ಬೆರಗು.

‘ಆಕರ’ಕ್ಕೆ ಗಣಿ, ಉಗಮಸ್ಥಾನ ಎಂಬ ಅರ್ಥ, ರತ್ನಾಕರದಲ್ಲಿ, ಆಕರ ಗ್ರಂಥದಲ್ಲಿ ನಾವು ದಿನವೂ ಕಾಣುವ ಪದವೇ ಅದು. ಗಣಿ ಬರಿದಾಗಬಹುದು, ಈ ಕೋಶ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ ಎಂಬಷ್ಟು ಕೊರತೆ ಅದರಲ್ಲಿ ಇದೆಯೆಂದು ಒಪ್ಪುತ್ತೇನೆ. ‘ಮೂಲಕೋಶ’ ಕೆಟ್ಟದ್ದೇನಲ್ಲ, ಆದರೆ ಮೂಲ ಎಂಬುದು ನಾನಾ ಕಡೆ ಸವೆದ ಮಾತು, ಗಿಡದ ಬೇರನ್ನೂ ಸೂಚಿಸುತ್ತದೆ.

ಪದದ ವಿಚಾರಕ್ಕೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ನಮ್ಮ ಊರಿನ ಹೆಣ್ಣುಮಗಳೊಬ್ಬಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಅವಳಿಗೆ ಹೊಂದುವ ಬೇರೊಬ್ಬರ ಆಕರಕೋಶಗಳನ್ನು ಕಸಿ ಮಾಡಬೇಕಿತ್ತು. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳ ತಮ್ಮನದು ಹೊಂದಿತ್ತು. ಆಸ್ಪತ್ರೆಯ ಕನ್ನಡ ನಮೂನೆಯಲ್ಲಿ ‘ಕಾಂಡಕೋಶ ದಾನ’ ಎಂದಿತ್ತು. ಮೆದುಳುಕಾಂಡ (ಮೆದುಳು ಬೆನ್ನುಹುರಿಯನ್ನು ಸೇರುವ ಭಾಗ) ಎಂಬ ಮಾತನ್ನು ಎಲ್ಲಿಯೋ ಕೇಳಿದ್ದ ಆ ಹುಡುಗ, ತನ್ನ ಬೆನ್ನುಹುರಿಯ ಬುಡವನ್ನೇ ಕತ್ತರಿಸಿ ತೆಗೆಯುತ್ತಾರೆಂದು ಭಾವಿಸಿ, ಇನ್ನು ಅಡಿಕೆ ಮರ ಹತ್ತಲಾಗುವುದಿಲ್ಲವೆಂದು ಹೆದರಿ ಮೂರು ವಾರ ಸಹಿ ಹಾಕಲಿಲ್ಲ. ಅವರ ಮನೆಯ ಜಗಲಿಯ ಮೇಲೆ ಕುಳಿತು, ಅವನ ತಂಗಿಯ ನೋಟುಬುಕ್ಕಿನ ಹಿಂಬದಿಯಲ್ಲಿ ನಾನು ಚಿತ್ರ ಬರೆದೆ: ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟರೆ ಮಜ್ಜೆಯ ಆಕರಕೋಶಗಳು ರಕ್ತಕ್ಕೆ ಇಳಿದು ಬರುತ್ತವೆ, ಒಂದು ತೋಳಿನಿಂದ ರಕ್ತವು ಯಂತ್ರಕ್ಕೆ ಹೋಗಿ ಆ ಕೋಶಗಳನ್ನಷ್ಟೇ ಅಲ್ಲಿ ಬಿಟ್ಟು ಇನ್ನೊಂದು ತೋಳಿಗೆ ಮರಳುತ್ತದೆ, ಕೆಲವು ದಿನ ಮೈಕೈ ನೋವಿರಬಹುದು, ಕೊಟ್ಟಷ್ಟನ್ನು ದೇಹವು ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ‘ಬೆನ್ನಿಗೆ ಏನೂ ಮಾಡೋದಿಲ್ವಾ?’ ಎಂದು ಅವನು ಎರಡು ಸಲ ಕೇಳಿದ. ಮರುದಿನ ಸಹಿ ಹಾಕಿದ. ಆ ಮೂರು ವಾರ ಅವನ ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಯುತ್ತಿದ್ದಳು.

ಇನ್ನೊಂದು ಮಾತನ್ನೂ ಹೇಳಬೇಕು. ‘ಕಾಂಡಕೋಶ ಚಿಕಿತ್ಸೆ’ ಎಂದಷ್ಟೇ ಬರೆದಾಗ ಯಾವ ಕೋಶ, ಎಲ್ಲಿಂದ ತೆಗೆದದ್ದು, ಯಾವ ರೋಗಕ್ಕೆ ಎಂಬುದು ಮರೆಯಾಗಿ, ಜಾಹೀರಾತಿನವರಿಗೆ ಆ ಮಸುಕೇ ಅನುಕೂಲವಾಗುತ್ತದೆ. ರಕ್ತದ ಕ್ಯಾನ್ಸರ್, ಹುಟ್ಟಿನಿಂದ ಬರುವ ರಕ್ತಹೀನತೆಯಾದ ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ರಕ್ತದ ಆಕರಕೋಶಗಳ ಕಸಿ ಸ್ಥಾಪಿತ ಚಿಕಿತ್ಸೆ. ಮಿಕ್ಕ ಬಹುಪಾಲು ಬಳಕೆಗಳು ಪ್ರಯೋಗದ ಚೌಕಟ್ಟಿನಲ್ಲಿಯೇ ನಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಹೊಕ್ಕುಳಬಳ್ಳಿಯ ರಕ್ತವನ್ನು ಮಗುವಿನ ಸ್ವಂತ ಉಪಯೋಗಕ್ಕೆಂದು ಹಣ ಕೊಟ್ಟು ಇಡುವ ತಂದೆತಾಯಿಗಳಿಗೆ, ಥಲಸ್ಸೇಮಿಯಾದಂಥ ಆನುವಂಶಿಕ ದೋಷ ಮಗುವಿನಲ್ಲಿದ್ದರೆ ಅದು ಆ ರಕ್ತದಲ್ಲಿಯೂ ಇರುತ್ತದೆ ಎಂಬ ಸರಳ ಸಂಗತಿ ಎಷ್ಟೋ ಸಲ ತಿಳಿದಿರುವುದಿಲ್ಲ.

ಆದ್ದರಿಂದ ಸುದ್ದಿಯಲ್ಲಿ ‘ಆಕರಕೋಶ’ ಎಂಬ ಒಂದೇ ರೂಪವನ್ನು ಇರಿಸಿಕೊಂಡು, ಅದರ ಹಿಂದೆ ರಕ್ತದ, ಭ್ರೂಣದ, ಹೊಕ್ಕುಳಬಳ್ಳಿಯ ಎಂದು ಮೂಲವನ್ನು ತಪ್ಪದೆ ಸೇರಿಸುವಂತೆಯೂ, ಚಿಕಿತ್ಸೆಯ ಸುದ್ದಿಯಾದರೆ ಅದು ಸ್ಥಾಪಿತವೋ ಪ್ರಯೋಗದ ಹಂತದ್ದೋ ಎಂಬುದನ್ನು ಮೊದಲ ಪರಿಚ್ಛೇದದಲ್ಲಿಯೇ ಹೇಳುವಂತೆಯೂ ತಮ್ಮ ಉಪಸಂಪಾದಕರಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ಓದುಗ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ ಜಿಲ್ಲೆ