ಅಟ್ಟದಿಂದಿಳಿದ ಆಕ್ಸಿಜನ್ ಮಷೀನು ಮತ್ತು ನಿನ್ನ ನಿದ್ದೆ

ಚಿ. ಶ್ರುತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜು, ಫೋಟೋ ಎರಡೂ ನೋಡಿದೆ. 2021ರಲ್ಲಿ ತಾತನಿಗೆಂದು ತಂದಿದ್ದ ಐದು ಲೀಟರಿನ ಕಾನ್ಸೆಂಟ್ರೇಟರನ್ನು ಅಟ್ಟದಿಂದ ಇಳಿಸಿದ್ದೀಯ. ನೈಟ್ ಶಿಫ್ಟ್ ಮುಗಿಸಿ ಬಂದು, ನಿದ್ದೆಗೇಡಿನ ದಣಿವು ಕಳೆಯಲೆಂದು, ನಿಮಿಷಕ್ಕೆ ಎರಡು ಲೀಟರಿಗಿಟ್ಟು ಒಂದು ಗಂಟೆ ಮೂಗಿಗೆ ಹಾಕಿಕೊಂಡು ಕೂರುತ್ತೀಯ. ಬ್ಯಾಗಿನಲ್ಲೊಂದು ಆಕ್ಸಿಜನ್ ಕ್ಯಾನು ಬೇರೆ. ಈಗ ಯಾವುದೋ ವೆಲ್‌ನೆಸ್ ಸೆಂಟರಿನವರು ಹೈಪರ್‌ಬೇರಿಕ್ ಚೇಂಬರಿನ (ಒತ್ತಡ ಏರಿಸಿ ಆಕ್ಸಿಜನ್ ಕೊಡುವ ಕೋಣೆ) ಹತ್ತು ಸಿಟ್ಟಿಂಗಿನ ಪ್ಯಾಕೇಜು ಹೇಳಿದ್ದಾರೆ, ದುಡ್ಡು ಕಟ್ಟಲೋ ಬೇಡವೋ ಎಂದು ಕೇಳಿದ್ದೀಯ. ಕಟ್ಟಬೇಡ. ಬರೀ ಬೇಡ ಅಂದರೆ ಕೇಳುವವಳಲ್ಲ ನೀನು, ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಮೊದಲು ಪಲ್ಸ್ ಆಕ್ಸಿಮೀಟರ್ ಹುಡುಕು, ಅದೂ ಆ ಮಷೀನಿನ ಜೊತೆಗೇ ಇರಬೇಕು. ಬೆರಳಿಗೆ ಗಾಢ ಬಣ್ಣದ ನೇಲ್ ಪಾಲಿಶ್ ಇದ್ದರೆ ಒರೆಸು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊ. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಹಾಕಿಕೊಂಡು, ಅಂಕಿ ಓಲಾಡುವುದು ನಿಲ್ಲುವವರೆಗೆ ಒಂದು ನಿಮಿಷ ಕಾಯಿ. 95ರ ಮೇಲಿದ್ದರೆ ನಿನ್ನ ರಕ್ತಕ್ಕೆ ಆಕ್ಸಿಜನ್ ಕೊರತೆ ಇಲ್ಲ. ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು ಎಂದು ಪ್ಯಾಕೇಜು ಮಾರುವವರು ಹೇಳಬಹುದು. ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ ಎತ್ತರ ಇರುವುದು ನಿಜ. ಆದರೆ ಅಷ್ಟಕ್ಕೆ ಆರೋಗ್ಯವಂತರ ಸ್ಯಾಚುರೇಶನ್, ಅಂದರೆ ಆಕ್ಸಿಮೀಟರ್ ತೋರಿಸುವ ಆ ಅಂಕಿ, ಏನೂ ಕುಸಿಯುವುದಿಲ್ಲ. 3,500 ಮೀಟರಿನ ಲೇಹ್‌ಗೆ ಹೋದಾಗ ಅದು 90ರ ಆಸುಪಾಸಿಗೆ ಇಳಿಯುತ್ತದೆ, ನಿದ್ದೆಯೂ ಕೆಡುತ್ತದೆ. ಅಲ್ಲಿ ಆಕ್ಸಿಜನ್ ಕೊಟ್ಟರೆ ಅರ್ಥವಿದೆ. ನಿನ್ನ ಫ್ಲ್ಯಾಟಿನಲ್ಲಿ ಇಲ್ಲ.

ಈಗ ಲೆಕ್ಕ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿ.ಲೀ. ಆಕ್ಸಿಜನ್. ನಿನ್ನದು 13 ಗ್ರಾಂ ಎಂದುಕೊಂಡರೆ 100 ಮಿ.ಲೀ. ರಕ್ತದಲ್ಲಿ ಹೆಚ್ಚೆಂದರೆ 17.4 ಮಿ.ಲೀ. ಸ್ಯಾಚುರೇಶನ್ 98 ಇರುವಾಗ ಅದರಲ್ಲಿ 17 ಆಗಲೇ ತುಂಬಿರುತ್ತದೆ. ನೀನು ಎರಡು ಲೀಟರ್ ಹಾಕಿಕೊಂಡಾಗ ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ 21ರಿಂದ ಸುಮಾರು 28 ಶೇಕಡಾಕ್ಕೆ ಏರುತ್ತದೆ, ಸರಿ. ಆದರೆ ರಕ್ತದಲ್ಲಿ ಹೆಚ್ಚುವುದು ಎಲ್ಲ ಸೇರಿ ಅರ್ಧ ಮಿ.ಲೀ. ತುಂಬಿದ ಕೊಡಕ್ಕೆ ನೀರು ಹೊಯ್ಯುತ್ತಿದ್ದೀಯ, ಅಷ್ಟೆ.

ಆದರೂ ಒಂದು ಗಂಟೆ ಕೂತ ಮೇಲೆ ಹಗುರಾಗುತ್ತದೆ ಅನ್ನುತ್ತೀಯ. ಆಗದೆ ಏನು? ಫೋನು ದೂರ ಇಟ್ಟು, ಕಣ್ಣು ಮುಚ್ಚಿ, ಒಂದೇ ಸಮನೆ ಗುಂಯ್‌ಗುಡುವ ಸದ್ದಿನ ಪಕ್ಕ ಒಂದು ಗಂಟೆ ಕೂತರೆ ಯಾರಿಗಾದರೂ ಆಗುತ್ತದೆ. ನಾಳೆ ಮಷೀನು ಓಡುತ್ತಿರಲಿ, ಕ್ಯಾನುಲಾ, ಅಂದರೆ ಆ ನಳಿಗೆ, ಮಾತ್ರ ಮೂಗಿಗೆ ಹಾಕಬೇಡ. ಅದೇ ಕುರ್ಚಿ, ಅದೇ ಹೊತ್ತು. ವ್ಯತ್ಯಾಸ ಎಷ್ಟೆಂದು ನೀನೇ ನೋಡು. ಆ ಒಂದು ಗಂಟೆ ಹಾಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದ್ದರೆ ಇನ್ನೂ ಲಾಭ.

ದಣಿವಿಗೆ ಬೇರೆ ಕಾರಣ ಇರಬಹುದು, ಅದು ಆಕ್ಸಿಮೀಟರಿಗೆ ಕಾಣುವುದಿಲ್ಲ. ಅದು ತೋರಿಸುವುದು ಇರುವ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಶೇಕಡಾ ತುಂಬಿದೆ ಎಂಬುದನ್ನು. ಹಿಮೋಗ್ಲೋಬಿನ್ನೇ ಎಷ್ಟಿದೆ ಅನ್ನುವುದು ಅದಕ್ಕೆ ತಿಳಿಯದು. 8 ಗ್ರಾಂ ಇದ್ದವಳಿಗೂ 99 ತೋರಿಸುತ್ತದೆ, ಆದರೆ ಅವಳ ರಕ್ತ ಹೊರುವುದು ಹೆಚ್ಚೆಂದರೆ 10.7 ಮಿ.ಲೀ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥವರಿಗೆ ಬೇಕಾದ್ದು ಕಬ್ಬಿಣಾಂಶ, ನಳಿಗೆಯಲ್ಲಿ ಬರುವ ಗಾಳಿಯಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ), ಟಿಎಸ್‌ಎಚ್ (ಥೈರಾಯ್ಡ್), ಬಿ12 ಇಷ್ಟು ರಕ್ತಪರೀಕ್ಷೆ ಮಾಡಿಸು. ನಾವು ಮಾಂಸ ಮೊಟ್ಟೆ ತಿನ್ನದವರು, ಬಿ12 ಮರೆಯಬೇಡ. ಮಲಗಿದಾಗ ಕಾಲೊಳಗೆ ಹುಳ ಹರಿದಾಡಿದ ಹಾಗಾಗಿ, ಎದ್ದು ಓಡಾಡಬೇಕು ಅನ್ನಿಸುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳು. ಫೆರಿಟಿನ್ ಕಡಿಮೆ ಇದ್ದಾಗ ಹಾಗಾಗುವುದುಂಟು. ಮಾತ್ರೆ ಬರೆದುಕೊಟ್ಟರೆ ಕಾಫಿ, ಟೀ, ಹಾಲಿನ ಜೊತೆ ನುಂಗಬೇಡ. ಎರಡು ಗಂಟೆ ಅಂತರವಿರಲಿ, ಬೇಕಾದರೆ ಒಂದು ಲೋಟ ನಿಂಬೆ ಪಾನಕದೊಂದಿಗೆ ತೆಗೆದುಕೊ.

ಇನ್ನು ಆ ಮಷೀನು. ಅದರೊಳಗೆ ಜಿಯೋಲೈಟ್ ಹರಳು ತುಂಬಿದ ಎರಡು ಸಿಲಿಂಡರ್ ಇರುತ್ತವೆ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಹರಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಬಿಡುತ್ತದೆ. ಹೊಸದರಲ್ಲಿ 90ರಿಂದ 96 ಶೇಕಡಾ ಶುದ್ಧತೆ ಬರುತ್ತದೆ. ವರ್ಷಗಟ್ಟಲೆ ಓಡಿಸದೆ ಇಟ್ಟರೆ ಆ ಹರಳು ತೇವ ಹೀರುತ್ತದೆ, ಆಮೇಲೆ ಸಾರಜನಕ ಹಿಡಿಯುವುದಿಲ್ಲ. ಫ್ಲೋಮೀಟರಿನ ಗುಂಡು ಮಾತ್ರ ಠೀವಿಯಿಂದ ಎರಡರಲ್ಲೇ ನಿಂತಿರುತ್ತದೆ. ಅದು ತೋರಿಸುವುದು ಎಷ್ಟು ಗಾಳಿ ಬರುತ್ತಿದೆ ಅನ್ನುವುದನ್ನಷ್ಟೇ, ಅದರಲ್ಲಿ ಆಕ್ಸಿಜನ್ ಎಷ್ಟು ಅನ್ನುವುದನ್ನಲ್ಲ. ಇಪ್ಪತ್ತು ನಿಮಿಷ ಓಡಿಸಿ ಆಕ್ಸಿಜನ್ ಅಳೆಯುವ ಅನಲೈಸರ್ ಹಿಡಿದರೇ ಗೊತ್ತಾಗುವುದು. ಫೋಟೋದಲ್ಲಿ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಯ ತಳದಲ್ಲಿ ಹಸಿರು ಪದರ ಕಾಣುತ್ತಿದೆ, ನೋಡಿದೆಯಾ? ಅದರ ಮೂಲಕ ಬಂದ ಗಾಳಿ ನೇರ ನಿನ್ನ ಶ್ವಾಸಕೋಶಕ್ಕೆ ಹೋಗುತ್ತಿದೆ. ಅಲ್ಲಿ ದಿನಾ ಬದಲಿಸಿದ ಡಿಸ್ಟಿಲ್ಡ್ ವಾಟರ್ ಇರಬೇಕು. ಹಳದಿಗಟ್ಟಿ ಸೆಟೆದ ಆ ಕ್ಯಾನುಲಾವನ್ನು ಇವತ್ತೇ ಎಸೆ. ಮೂಗು ಒಣಗುತ್ತದೆಂದು ವ್ಯಾಸಲೀನ್ ಹಚ್ಚುತ್ತೀಯಂತೆ. ಎಣ್ಣೆ, ಗ್ರೀಸಿನಂಥದ್ದು ಆಕ್ಸಿಜನ್ ಹರಿಯುವ ಜಾಗದಲ್ಲಿ ಬೇಗ ಹೊತ್ತಿಕೊಳ್ಳುತ್ತದೆ. ಅದೇ ಕೋಣೆಯ ಮೂಲೆಯಲ್ಲಿ ದೇವರ ದೀಪ, ಊದುಬತ್ತಿ! ಮಷೀನಿಗೂ ಬೆಂಕಿಗೂ ಮೂರು ಮೀಟರ್ ಆದರೂ ದೂರವಿರಬೇಕು. ನಿನ್ನ ಕೋಣೆಯೇ ಅಷ್ಟಿಲ್ಲ.

ಮಷೀನು ಚೆನ್ನಾಗಿಯೇ ಇದ್ದರೆ ಅದನ್ನು ಬೇಕಾದವರಿಗೆ ಕೊಡು. ಶ್ವಾಸಕೋಶ ಕೆಟ್ಟು, ಸುಮ್ಮನೆ ಕೂತಾಗಲೂ ಸ್ಯಾಚುರೇಶನ್ 88ಕ್ಕಿಂತ ಮೇಲೇರದವರು ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಳ್ಳಬೇಕಾಗುತ್ತದೆ, ಅವರಿಗೆ ಅದು ಜೀವ. ಸರ್ವಿಸಿನವರನ್ನು ಕರೆಸಿ ಶುದ್ಧತೆ ಅಳೆಸಿ, ಫಿಲ್ಟರ್ ಬದಲಿಸಿ, ಹತ್ತಿರದ ಪ್ಯಾಲಿಯೇಟಿವ್ ಕೇರ್ ಕೇಂದ್ರದಲ್ಲಿ ವಿಚಾರಿಸು.

ಕ್ಯಾನಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದರಲ್ಲಿರುವುದು ಹತ್ತು ಲೀಟರ್. ಸುಮ್ಮನೆ ಕೂತಾಗಲೂ ನಾವು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಒಳಗೆಳೆಯುತ್ತೇವೆ, ಲೆಕ್ಕ ಹಾಕಿಕೊ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಅದನ್ನು ಬಿಡಬೇಡ.

ಚೇಂಬರಿನ ವಿಷಯ ಗಮನವಿಟ್ಟು ಓದು. ಆಸ್ಪತ್ರೆಯ ಹೈಪರ್‌ಬೇರಿಕ್ ಚೇಂಬರ್ ಗಟ್ಟಿ ಗೋಡೆಯದು. ಅದರಲ್ಲಿ 2ರಿಂದ 2.4 ವಾತಾವರಣದ ಒತ್ತಡದಲ್ಲಿ ಪೂರ್ತಿ ಆಕ್ಸಿಜನ್ ಕೊಡುತ್ತಾರೆ. ಆಗ ರಕ್ತದ ನೀರಿನಂಶದಲ್ಲೇ 100 ಮಿ.ಲೀ.ಗೆ ನಾಲ್ಕು ಮಿ.ಲೀ.ನಷ್ಟು ಕರಗುತ್ತದೆ. ಮುಳುಗುಗಾರರ ಡಿಕಂಪ್ರೆಶನ್ ಕಾಯಿಲೆ, ಕಾರ್ಬನ್ ಮೊನಾಕ್ಸೈಡ್ ವಿಷ, ವಾಸಿಯಾಗದ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ರೇಡಿಯೇಶನ್ನಿನಿಂದ ಸತ್ತ ಅಂಗಾಂಶ, ಇಂಥವಕ್ಕೆ ಅದು ನಿಜವಾದ ಚಿಕಿತ್ಸೆ. ನಿದ್ದೆಗೇಡು, ಕೆಲಸದ ಒತ್ತಡ ಆ ಪಟ್ಟಿಯಲ್ಲಿಲ್ಲ. ನಿನಗೆ ತೋರಿಸಿದ್ದು ಝಿಪ್ಪು ಹಾಕುವ ಮೆತ್ತನೆಯ ಚೀಲ, ಒತ್ತಡ 1.3. ಅದರೊಳಗೆ ತುಂಬುವುದು ಮಾಮೂಲಿ ಗಾಳಿಯಾದರೆ 21ನ್ನು 1.3ರಿಂದ ಗುಣಿಸು: 27. ನಿನ್ನ ಕ್ಯಾನುಲಾ ಕೊಡುವುದು 28! ಮನೆಯಲ್ಲಿರುವುದನ್ನೇ ಚೀಲದಲ್ಲಿ ಮಲಗಿಸಿ ಮಾರುತ್ತಿದ್ದಾರೆ.

ಅಪಾಯವೂ ಇಲ್ಲದಿಲ್ಲ. ನೆಗಡಿ, ಸೈನಸ್ ಕಟ್ಟಿರುವಾಗ ಒಳಗೆ ಹೋದರೆ ಒತ್ತಡ ಏರುವಾಗ ಕಿವಿಪೊರೆಗೆ ಪೆಟ್ಟಾಗುತ್ತದೆ. ಹೆಚ್ಚಿನ ಒತ್ತಡದ ಆಕ್ಸಿಜನ್ನಿನಿಂದ ಫಿಟ್ಸ್ ಬರುವುದುಂಟು, ದೃಷ್ಟಿ ಕೆಲವು ವಾರ ಮಂಜಾಗುವುದುಂಟು. ಆಕ್ಸಿಜನ್ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ಇಂಥ ಚೇಂಬರಿಗೆ ಬೆಂಕಿ ಹತ್ತಿ ಐದು ವರ್ಷದ ಹುಡುಗ ತೀರಿಹೋದ. ಆಸ್ಪತ್ರೆಯಲ್ಲಿ ಹತ್ತಿ ಬಟ್ಟೆ ಮಾತ್ರ ಉಡಿಸಿ, ಫೋನು, ವಾಚು, ಕೂದಲಿನ ಎಣ್ಣೆ, ಲೋಷನ್ ಏನನ್ನೂ ಒಳಗೆ ಬಿಡುವುದಿಲ್ಲ. ನಿನ್ನ ಸೆಂಟರಿನವರ ಜಾಹೀರಾತಿನಲ್ಲಿ ಹುಡುಗಿ ಒಳಗೆ ಮಲಗಿ ಫೋನು ನೋಡುತ್ತಿದ್ದಾಳೆ.

ಆಫೀಸಿನ ಕೆಲಸ ರಿಲೀಸ್ ಆಗುವ ರಾತ್ರಿ ಎದೆ ಹೊಡೆದುಕೊಂಡು, ಬೆರಳು, ತುಟಿ ಜುಮ್ಮೆಂದು ಉಸಿರು ಸಾಲದು ಅನ್ನಿಸುತ್ತದೆ ಎಂದು ಬರೆದಿದ್ದೀಯ. ಆಗ ಆಕ್ಸಿಮೀಟರ್ ಹಾಕಿದರೆ 99 ಇರುತ್ತದೆ. ಗಾಬರಿಯಲ್ಲಿ ಉಸಿರು ಜಾಸ್ತಿಯಾಗಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ, ಮೆದುಳಿನ ರಕ್ತನಾಳ ಬಿಗಿಯುತ್ತದೆ, ತಲೆ ಸುತ್ತುತ್ತದೆ. ಇದಕ್ಕೆ ಆಕ್ಸಿಜನ್ ಮದ್ದಲ್ಲ. ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆಳೆದುಕೊ, ಆರು ಎಣಿಸುತ್ತ ಬಿಡು. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಹೊಟ್ಟೆಯ ಮೇಲೆ ಕೈಯಿಟ್ಟರೆ ಕೈ ಏಳಬೇಕು, ಹೆಗಲು ಏಳಬಾರದು. ಮೊದಲ ಸಲವೇ ಗಾಬರಿಯಲ್ಲಿ ಮಾಡಲು ಹೋದರೆ ಕೈಕೊಡುತ್ತದೆ, ದಿನಾ ಮಲಗುವ ಮುಂಚೆ ರೂಢಿ ಮಾಡಿಕೊ. ಎದೆನೋವು ಬಂದರೆ, ಅಥವಾ ಕೂತಲ್ಲೇ ಸ್ಯಾಚುರೇಶನ್ 94ಕ್ಕಿಂತ ಕೆಳಗೇ ನಿಂತರೆ ಉಸಿರಾಟದ ಅಭ್ಯಾಸ ಅಲ್ಲ, ಆಸ್ಪತ್ರೆ.

ಗೊರಕೆ ಹೊಡೆಯುತ್ತೀಯೆಂದು ನಿನ್ನಮ್ಮ ಹೇಳಿದಳು. ನಡುನಡುವೆ ಉಸಿರು ನಿಂತು ಆಮೇಲೆ ದಡಕ್ಕನೆ ಎಳೆದುಕೊಳ್ಳುತ್ತೀಯಾ ಎಂದು ರೂಮ್‌ಮೇಟನ್ನು ಕೇಳು. ಹೌದಾದರೆ ಸ್ಲೀಪ್ ಸ್ಟಡಿ ಮಾಡಿಸಬೇಕು. ಗಂಟೆಗೆ ಐದಕ್ಕಿಂತ ಹೆಚ್ಚು ಸಲ ಉಸಿರು ತಡೆದರೆ ಅದು ಸ್ಲೀಪ್ ಆಪ್ನಿಯಾ. ಅದರಲ್ಲಿ ರಾತ್ರಿಯಿಡೀ ಆಕ್ಸಿಜನ್ ಹಾಕಿಕೊಂಡರೆ ಅಂಕಿ ಮಾತ್ರ ಚೆನ್ನಾಗಿರುತ್ತದೆ, ಗಂಟಲು ಮುಚ್ಚುವುದು ನಿಲ್ಲುವುದಿಲ್ಲ, ಉಸಿರು ತಡೆಯುವ ಹೊತ್ತು ಇನ್ನೂ ಉದ್ದವಾಗಬಹುದು. ಅದಕ್ಕೆ ಬೇಕಾದ್ದು ಮುಖವಾಡದಿಂದ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ. ಹಾಗಿದ್ದಾಗ ಗೆಳತಿ ಕೊಟ್ಟ ನಿದ್ದೆ ಮಾತ್ರೆಯನ್ನಂತೂ ಮುಟ್ಟಲೇಬೇಡ.

ಈಗ ನಿದ್ದೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ತೂಕಡಿಕೆ ತರಿಸುವ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗುತ್ತದೆ. ಅದನ್ನು ಇಳಿಸುವುದು ನಿದ್ದೆಯೊಂದೇ. ಕಾಫಿ ಅದರ ಜಾಗದಲ್ಲಿ ತಾನು ಕೂತು ಮರೆಮಾಚುತ್ತದೆ, ಆಕ್ಸಿಜನ್ ಅದರ ತಂಟೆಗೇ ಹೋಗುವುದಿಲ್ಲ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, 14 ದಿನ ಆರೇ ಗಂಟೆ ಮಲಗಿದವರ ಗಮನಶಕ್ತಿ ಒಂದೆರಡು ಇಡೀ ರಾತ್ರಿ ಕಣ್ಣುಮುಚ್ಚದೆ ಕಳೆದವರ ಮಟ್ಟಕ್ಕೆ ಇಳಿದಿತ್ತು. ಅವರಿಗೆ ಮಾತ್ರ ಅಷ್ಟು ತೂಕಡಿಕೆಯಿದೆ ಅನ್ನಿಸುತ್ತಿರಲಿಲ್ಲ. ಹಾಗಾಗಿ ‘ನಾನು ಫ್ರೆಶ್ ಆಗಿದ್ದೇನೆ’ ಅನ್ನುವ ನಿನ್ನ ಸಾಕ್ಷಿ ನಡೆಯುವುದಿಲ್ಲ.

ನಿನ್ನ ಶಿಫ್ಟು ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ. ನಾಲ್ಕೂವರೆಗೆ ಮಲಗು, ಹನ್ನೆರಡಕ್ಕೆ ಏಳು. ರಜೆಯ ದಿನ ಎಲ್ಲರಂತೆ ಹತ್ತಕ್ಕೇ ಮಲಗಲು ಹೋಗಬೇಡ, ಎರಡೂವರೆಯಿಂದ ಹತ್ತು ಇರಲಿ. ಆಗ ನಾಲ್ಕೂವರೆಯಿಂದ ಹತ್ತರವರೆಗೆ ವಾರದ ಏಳೂ ದಿನ ನಿದ್ದೆಯಲ್ಲೇ ಇರುತ್ತೀಯ, ದೇಹಕ್ಕೆ ಒಂದು ಲಯ ಸಿಗುತ್ತದೆ. ಬಾಕಿಯನ್ನು ಭಾನುವಾರ ಹದಿನಾಲ್ಕು ಗಂಟೆ ಬಿದ್ದುಕೊಂಡು ತೀರಿಸಲಾಗದು. ಎರಡು ವಾರ ದಿನಕ್ಕೊಂದು ಗಂಟೆ ಹೆಚ್ಚು ಮಲಗು. ಕಿಟಕಿಗೆ ಕಪ್ಪು ಬಟ್ಟೆ, ಕಾಲಿಂಗ್ ಬೆಲ್ ಆಫ್, ಹಾಲು, ಕೊರಿಯರ್ ಎಲ್ಲ ಸೆಕ್ಯುರಿಟಿ ಹತ್ತಿರ. ಕಡೆಯ ಕಾಫಿ ರಾತ್ರಿ ಹತ್ತೂವರೆಗೆ ಮುಗಿಯಲಿ, ಕೆಫೀನಿನ ಅರ್ಧ ಇಳಿಯಲೇ ಐದಾರು ಗಂಟೆ ಬೇಕು. ರಾತ್ರಿ ಎರಡು ಗಂಟೆಗೆ ಬಿರಿಯಾನಿ ಬೇಡ, ಮೊಸರನ್ನ ಸಾಕು. ಬ್ರೇಕಿನಲ್ಲಿ 20 ನಿಮಿಷ ಮಲಗು, ಅಲಾರಂ ಇಟ್ಟುಕೊ. ಮುಕ್ಕಾಲು ಗಂಟೆ ಆಯಿತೆಂದರೆ ಆಳದ ನಿದ್ದೆಯಿಂದ ಎದ್ದು ತಲೆ ಇನ್ನೂ ಭಾರ. ಇಷ್ಟು ಮಾಡಿಯೂ ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ನಿದ್ದೆ ಬಾರದಿದ್ದರೆ ನಿಮ್ಹಾನ್ಸಿಗೆ ಹೋಗು, ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡುವ ಸಿಬಿಟಿ ಎಂಬ, ಯೋಚನೆ ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆಯ ಬಗ್ಗೆ ಕೇಳು. ಮನಸ್ಸು ತಡೆಯಲಾರದಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಸ್ಕೂಟರ್ ಮಾತ್ರ ಇವತ್ತಿನಿಂದಲೇ ಬಿಡು. ಬೆಳಗ್ಗೆ ಹತ್ತಕ್ಕೆ ಎದ್ದವಳು ರಾತ್ರಿ ಮೂರಕ್ಕೆ 17 ಗಂಟೆ ಎಚ್ಚರವಿದ್ದಂತೆ. ಆಗಿನ ಚುರುಕು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ. ನಮ್ಮ ಕಾನೂನಿನ ಮಿತಿ 0.03. ಕಂಪನಿ ಕ್ಯಾಬಿಗೆ ಬರೆದುಕೊಡು, ರಾತ್ರಿ ಪಾಳಿಯ ಹೆಂಗಸರನ್ನು ಮನೆ ತಲುಪಿಸುವುದು ಅವರ ಜವಾಬ್ದಾರಿ. ರಿಪೋರ್ಟು ಬಂದಮೇಲೆ ಹಿಮೋಗ್ಲೋಬಿನ್, ಫೆರಿಟಿನ್ ಎರಡೂ ಕಾಣುವ ಹಾಗೆ ಫೋಟೋ ಕಳಿಸು. ಹನ್ನೆರಡು ಗಂಟೆಗೆ ಮುಂಚೆ ನಾನು ಫೋನ್ ಮಾಡುವುದಿಲ್ಲ.

ನಿನ್ನ
ದೊಡ್ಡಮ್ಮ